ನಮ್ಮ ಮನೆಯ ಕೈ ಕಟ್ಟಿಸಿದ ಮಾಸ್ತರರು

ತಂದೆ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಮೀಸೆ ಬೋಳಿಸಿಕೊಂಡು ಊರಿಗೆ ಬಂದ ಗಂಡಸನ್ನು ನಾನು ಕಂಡದ್ದು ಒಬ್ಬರನ್ನೇ, ಗುರುನಾಥ ಮಾಸ್ತರರನ್ನು. ಇದರಲ್ಲೇನು ವಿಶೇಷ ಎಂದು ಈಗಿನವರು ಕೇಳಬಹುದು. ನಿಜಾಮರ ಆ ಕಾಲದ ನಮ್ಮ ಆಳಂದದಲ್ಲಿ ಬ್ರಾಹ್ಮಣರ ಮನೆಯ ಮಗ ಮೀಸೆ ತೆಗೆಸಿದ್ದಾನೆ ಎಂದರೆ ಅವನ ತಂದೆ ತೀರಿಕೊಂಡಿದ್ದಾರೆ ಎಂದೇ ಜನ ತಿಳಿಯುತ್ತಿದ್ದರು. ಮುಂಬಯಿಗೆ ಹೋಗಿ ವರ್ಷದ ಮೇಲೆ ಮರಳಿದ ಮಾಸ್ತರರು ಬಸ್ಸಿನಿಂದ ಇಳಿದದ್ದೇ ತಡ, ಅವರ ತಂದೆ ಜೇವರ್ಗಿಯ ಕುಲಕರ್ಣಿಯವರು ಹೋಗಿಬಿಟ್ಟರಂತೆ ಎಂಬ ಸುದ್ದಿ ಪೇಟೆಯ ತುಂಬ ಹಬ್ಬಿತು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾಸ್ತರರ ಬಿಡಾರ. ಊರ ಹಿರಿಯರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ತಲೆ ತಗ್ಗಿಸಿ ಕೂತರು. ಇವರೆಲ್ಲ ತಮ್ಮನ್ನು ಕಾಣಲು ಪ್ರೀತಿಯಿಂದ ಬಂದಿದ್ದಾರೆ ಎಂದುಕೊಂಡ ಮಾಸ್ತರರು ಖುಷಿಯಿಂದ ಮುಂಬಯಿಯ ಟ್ರಾಮಿನ ಸುದ್ದಿ ಹೇಳಿದರು. ತಂದೆ ಸತ್ತ ಮಗ ಹೀಗೆ ಹಲ್ಲು ಕಿರಿಯುತ್ತಾನಲ್ಲ ಎಂದು ಬಂದವರು ಗಾಬರಿಯಾಗಿ ಎದ್ದು ಹೋದರು.

ಸುದ್ದಿ ಜೇವರ್ಗಿಗೂ ಮುಟ್ಟಿತು. ತಮ್ಮ ಸಾವಿನ ಸುದ್ದಿಯನ್ನು ತಾವೇ ಕೇಳಬೇಕಾಗಿ ಬಂದ ಕುಲಕರ್ಣಿಯವರು ಸಿಕ್ಕ ಬಸ್ಸು ಹಿಡಿದು ನಮ್ಮ ಅಂಗಳಕ್ಕೆ ಬಂದಿಳಿದರು. ಕೋಲು ಕುಟ್ಟಿ, ವಂಶದ ಹೆಸರೆತ್ತಿ ಬೈದರು. ಬಿ.ಎ. ಓದಿಸಿದ್ದು ತಿಥಿ ಮಾಡಿಸಿಕೊಳ್ಳಲಿಕ್ಕೇನು ಎಂದು ಕೇಳಿದರು. ಮಾಸ್ತರರು ಎಲ್ಲವನ್ನೂ ಕೇಳಿಸಿಕೊಂಡು, ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಸಾವಕಾಶವಾಗಿ ಹೇಳಿದರು.

"ಅಪ್ಪಾ, ಬ್ಯಾರೆ ದಾರಿ ಇರ್ಲಿಲ್ಲ. ಮೀಸಿ ಇದ್ರ ಆ ಹುಡುಗಿಗೆ ನನ್ನ ತುಟಿ ಕಾಣಂಗಿಲ್ಲ."

"ನಿನ್ನ ತುಟಿ ಕಾಣ್ಲಿಕ್ಕೆ ನಾ ಸಾಯಬೇಕೇನೋ?" ಎಂದರು ಕುಲಕರ್ಣಿಯವರು. ಆಮೇಲೆ ನಮ್ಮ ಮನೆಯಲ್ಲಿ ನೀರೂ ಮುಟ್ಟದೆ ಹೊರಟುಹೋದರು.

ಆ ಹುಡುಗಿ ಎಂದರೆ ನನ್ನ ತಂಗಿ ನೀಲಾ. ನಮ್ಮದು ಲಿಂಗಾಯತರ ಮನೆ. ಅಪ್ಪನದು ಪೇಟೆಯಲ್ಲಿ ರೈತರ ತೊಗರಿ, ಕುಸುಬೆಯನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನಾನು, ನನಗಿಂತ ಆರೇಳು ವರ್ಷ ಚಿಕ್ಕವಳಾದ ನೀಲಾ. ನೀಲಾ ವರ್ಷದ ಕೂಸಾಗಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ತೆಗೆದುಕೊಂಡು ಹೋಯಿತು. ಅವಳು ಕಿವುಡಿ ಎಂದು ಗೊತ್ತಾಗುವಷ್ಟರಲ್ಲಿ ಬಾಯಿಗೆ ಮಾತು ಬರುವ ವಯಸ್ಸೂ ದಾಟುತ್ತಿತ್ತು. ಊರವರು ಮೂಗಿ ಎಂದರು. ನಮ್ಮ ಮನೆಯೊಳಗೆ ಆ ಮಾತಿಗೆ ಅರ್ಥವೇ ಇರಲಿಲ್ಲ, ಏಕೆಂದರೆ ನೀಲಾಳಷ್ಟು ಮಾತಾಡುವವರು ನಮ್ಮಲ್ಲಿ ಇನ್ನೊಬ್ಬರು ಇರಲಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ತಲೆಯ ಸುತ್ತ ಬೆರಳು ತಿರುಗಿಸಿದರೆ ರುಮಾಲಿನ ಅಪ್ಪ. ಮೂಗಿನ ಪಕ್ಕ ಚಿವುಟಿದರೆ ಮೂಗುತಿಯ ಅವ್ವ. ಹಣೆಯ ಮೇಲೆ ಮೂರು ಬೆರಳು ಎಳೆದರೆ ವಿಭೂತಿಯ ಆಯಿ. ಜಡೆ ಎಳೆದಂತೆ ಮಾಡಿದರೆ ನಾನು. ಅಂಗೈಗೆ ಅಂಗೈ ಬಡಿದರೆ ರೊಟ್ಟಿ. ಇಷ್ಟರಲ್ಲೇ ಅವಳು ಚಾಡಿ ಹೇಳುತ್ತಿದ್ದಳು, ಸುಳ್ಳು ಹೇಳುತ್ತಿದ್ದಳು, ತಹಶೀಲ ಕಚೇರಿಯ ಕುಂಟ ಜವಾನನನ್ನು ಅಣಕಿಸಿ ಆಯಿಯನ್ನು ಹೊಟ್ಟೆ ಹಿಡಿದು ನಗಿಸುತ್ತಿದ್ದಳು. ಯಾರೂ ಕೂತು ಕಲಿಸಿದ್ದಲ್ಲ. ಅವಳೊಂದು ಮಾಡುವಳು, ನಾವೊಂದು ಮಾಡುವೆವು, ಅದು ಮನೆಯ ಭಾಷೆಯಾಗಿ ನಿಂತಿತು.

ಮಾಸ್ತರರು ಮೊದಲು ನಮ್ಮೂರಿನ ಸರಕಾರಿ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದವರು. ಹೈದರಾಬಾದಿನಲ್ಲಿ ಬಿ.ಎ. ಮಾಡಿದ್ದರು. ಸಣಕಲು ಎತ್ತರದ ಆಳು, ಗಂಟಲ ಮಣಿ ಎದ್ದು ಕಾಣುವಂಥ ಕೊರಳು, ಬೇಸಿಗೆಯಲ್ಲೂ ಬಿಡದ ಕರಿ ಕೋಟು. ಅವರಿಗೆ ಮಕ್ಕಳ ಹುಚ್ಚು. ಶಾಲೆಯಿಂದ ಬಂದು ಕೋಟು ಕಳಚುವ ಮೊದಲೇ ನೀಲಾಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೈಮಾತು ಶುರು ಮಾಡುವರು. ನಮ್ಮ ಎಲ್ಲ ಸನ್ನೆಗಳನ್ನು ಒಂದು ತಿಂಗಳೊಳಗೆ ಕಲಿತುಬಿಟ್ಟರು. ನೀಲಾ ಅವರಿಗೂ ಒಂದು ಸನ್ನೆ ಕೊಟ್ಟಳು: ಕೊರಳ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸುವುದು. ಅದು ತಮ್ಮ ಗಂಟಲ ಮಣಿ ಎಂದು ಗೊತ್ತಾದ ದಿನ ಮಾಸ್ತರರು ನಕ್ಕ ನಗು ಅಡಿಗೆಮನೆಯ ತನಕ ಕೇಳಿಸಿತ್ತು. ಆ ದಿನಗಳಲ್ಲಿ ನನಗೆ ಅವರಷ್ಟು ಒಳ್ಳೆಯವರು ಲೋಕದಲ್ಲಿ ಇನ್ನೊಬ್ಬರಿಲ್ಲ ಅನ್ನಿಸುತ್ತಿತ್ತು. ಇದನ್ನೂ ಹೇಳಲೇಬೇಕು, ಹೇಳದಿದ್ದರೆ ಮುಂದೆ ಬಂದ ಸಿಟ್ಟಿಗೆ ಅರ್ಥ ಸಿಗುವುದಿಲ್ಲ.

ಒಂದು ದಿನ ಅವರು ಹಳೆಯ ಪತ್ರಿಕೆಯೊಂದನ್ನು ಹಿಡಿದು ಅಪ್ಪನ ಅಂಗಡಿಗೇ ಓಡಿ ಬಂದರಂತೆ. ಪದವಿ ಓದಿದವರಿಗೆ ಮುಂಬಯಿಯಲ್ಲಿ ಒಂದು ಹೊಸ ತರಬೇತಿ ಕೊಡುತ್ತಾರೆ, ಕಿವಿ ಕೇಳದ ಸಣ್ಣ ಮಕ್ಕಳಿಗೆ ಬಾಯಿಂದ ಮಾತಾಡುವುದನ್ನು ಕಲಿಸುವ ವಿದ್ಯೆ ಅದು, ತಾವು ಹೋಗಿ ಕಲಿತು ಬರುವುದೇ ಸೈ ಎಂದರು. ಕಿವುಡಿಗೆ ಮಾತು ಬರುತ್ತದೆ ಎಂಬುದನ್ನು ಅಪ್ಪ ಅದುವರೆಗೆ ಯಾವ ಸಾಧುವಿನ ಬಾಯಲ್ಲೂ ಕೇಳಿರಲಿಲ್ಲ. ಅವ್ವ ಅಂದು ಸಂಜೆ ದೇವರ ಮುಂದೆ ಎರಡು ದೀಪ ಹಚ್ಚಿದಳು. ಮಾಸ್ತರರು ರಜೆ ಪಡೆದು ಹೋದರು, ವರ್ಷದ ಮೇಲೆ ಮೀಸೆ ಇಲ್ಲದೆ ಬಂದರು. ನೀಲಾಳಿಗೆ ಆಗ ಐದು ನಡೆಯುತ್ತಿತ್ತು.

ಬಂದ ಮರುದಿನವೇ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ ತಮ್ಮ ಶಾಸ್ತ್ರದ ಮೊದಲ ಕಟ್ಟಳೆ ಹೇಳಿದರು.

"ಇನ್ನ ಮ್ಯಾಲ ಈ ಮನ್ಯಾಗ ಯಾರೂ ಆಕಿ ಮುಂದ ಕೈ ಆಡಸಬಾರದ್ರಿ. ಕೈ ಮಾತಾಡ್ತಿದ್ರ ಬಾಯಿಗೆ ಮಾತಿನ ಗರಜು ಬೀಳಂಗಿಲ್ಲ. ಆಕಿ ಸನ್ನಿ ಮಾಡಿದ್ರೂ ನೀವು ನೋಡಿಲ್ಲ, ತಿಳದಿಲ್ಲ. ಬಾಯಿ ನೋಡೂದ ಕಲೀಲಿ, ಬಾಯಿ ಬಿಡೂದ ಕಲೀಲಿ."

ಅಪ್ಪ ಅಡತಿಯ ಮನುಷ್ಯ, ಯಾವ ಸರಕನ್ನೂ ಕೈ ಹಾಕಿ ನೋಡದೆ ಒಪ್ಪಿಕೊಳ್ಳುವವನಲ್ಲ. ಅವನು ಒಂದೇ ಪ್ರಶ್ನೆ ಕೇಳಿದ. ಇದ್ದ ಕೈಮಾತು ಬಿಡಿಸಿ, ಬಾಯಿಮಾತೂ ಬರದೆ ಹೋದರೆ ಕೂಸಿನ ಗತಿ ಏನು? ಮಾಸ್ತರರು ಇದಕ್ಕೆ ಐದಾರು ವರ್ಷ ಬೇಕು, ನಡುವೆ ಬಿಡದೆ ಕಲಿಸಿದರೆ ಬಂದೇ ಬರುತ್ತದೆ, ಬಿಡುವವನು ನಾನಲ್ಲ ಎಂದರು. ಅವ್ವನಿಗೆ ಅಷ್ಟು ಸಾಲಲಿಲ್ಲ. ಅವಳು ಮಾಸ್ತರರನ್ನು ಗಾಡಿ ಕಟ್ಟಿಸಿಕೊಂಡು ಘತ್ತರಗಿಗೆ ಕರೆದೊಯ್ದಳು. ಹರಕೆ, ಉಡಿ ತುಂಬುವುದು ಎಂದರೆ ನಗುತ್ತಿದ್ದ ಮಾಸ್ತರರು ಅಂದು ಭೀಮೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲಿ ಅಲ್ಲಿಯ ದೇವಿ ಭಾಗ್ಯವಂತಿಯ ಮುಂದೆ ನಿಂತರು. ನಾನು ಅವ್ವನ ಸೆರಗು ಹಿಡಿದು ಪಕ್ಕದಲ್ಲೇ ಇದ್ದೆ. "ಈ ಹುಡುಗಿ ಪೂರಾ ಮಾತಾಡೂತನ ನಾ ಇಕಿನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ" ಎಂದು ಅವರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಯಾರೂ ಅವರ ಕೊರಳಿಗೆ ಹಗ್ಗ ಹಾಕಿ ಹೇಳಿಸಿದ್ದಲ್ಲ.

ಅಂದಿನಿಂದ ನಮ್ಮ ಮನೆಯ ಕೈ ಕಟ್ಟಿತು. ಅವ್ವ ನೀಲಾಳ ಮುಂದೆ ಬಂದಾಗಲೆಲ್ಲ ಸೆರಗಿನ ಚುಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವಳು, ಮರೆತು ಎಲ್ಲಿ ಕೈ ಎದ್ದೀತೋ ಎಂದು. ಅಪ್ಪ ಕೈ ಹಿಂದೆ ಕಟ್ಟಿ ತಿರುಗಾಡುವನು. ಮೊದಲ ವಾರ ನೀಲಾಳಿಗೆ ಏನಾಗಿದೆ ಎಂದೇ ತಿಳಿಯಲಿಲ್ಲ. ಹೆಬ್ಬೆರಳನ್ನು ಬಾಯಿಗೆ ಹಿಡಿದು ನೀರು ಕೇಳಿದಳು. ಅವ್ವ ನೋಡಿಯೂ ನೋಡದಂತೆ ನಿಂತಳು. ಮತ್ತೆ ಕೇಳಿದಳು. ಮಾಸ್ತರರು ತಂಬಿಗೆಯನ್ನು ತಮ್ಮ ಮುಖದ ಪಕ್ಕಕ್ಕೆ ಹಿಡಿದು, ತುಟಿ ಬಿಡಿಸಿ "ನೀರ" ಎಂದರು. ನೀಲಾ ತಂಬಿಗೆಗೆ ಕೈ ಚಾಚಿದಳು. ಕೊಡಲಿಲ್ಲ. ಅವಳು ನೆಲಕ್ಕೆ ಬಿದ್ದು ಒದ್ದಾಡಿ, ಅವ್ವನ ಕಾಲು ಕಚ್ಚಿದಳು. ಕೊನೆಗೆ ಬಾಯಿ ತೆರೆದು ಏನೋ ಒಂದು ಸದ್ದು ಮಾಡಿದ ಮೇಲೆಯೇ ಅವಳಿಗೆ ನೀರು ಸಿಕ್ಕದ್ದು. ಮಾಸ್ತರರ ಕಣ್ಣೂ ಒದ್ದೆಯಾಗಿತ್ತು, ಆದರೆ ತಂಬಿಗೆ ಹಿಡಿದ ಕೈ ಸಡಿಲಾಗಲಿಲ್ಲ.

ಆಯಿ ಮಾತ್ರ ಈ ಕಟ್ಟಳೆಗೆ ಸೊಪ್ಪು ಹಾಕಲಿಲ್ಲ. "ನಿನ್ನ ಶಾಸ್ತ್ರ ನಿನ್ನ ಬಲ್ಲಿ ಇರ್ಲೋ ತಮ್ಮಾ. ನನ್ನ ಮೊಮ್ಮಗಳ ಕೂಡ ನಾ ಹ್ಯಾಂಗ ಮಾತಾಡಬೇಕಂತ ನನಗ ಗೊತ್ತದ" ಎಂದುಬಿಟ್ಟಳು. ಮಾಸ್ತರರು ವಾದಿಸಲಿಲ್ಲ, ಬೈಯಲಿಲ್ಲ. ಪಾಠದ ಕಾಲದಲ್ಲಿ ಆಯಿ ಹಿತ್ತಲಲ್ಲಿರಬೇಕು ಎಂದು ಅಪ್ಪನಿಂದ ಹೇಳಿಸಿದರು. ಮಾಸ್ತರರ ರಜೆ ಇನ್ನೂ ಮುಗಿದಿರಲಿಲ್ಲ, ಬರಬರುತ್ತ ಪಾಠದ ಕಾಲವೇ ಇಡೀ ದಿನವಾಯಿತು.

ಅವರ ಪಾಠವನ್ನು ಮಾತ್ರ ಯಾರಾದರೂ ನೋಡಬೇಕಾಗಿತ್ತು. ಕಿಟಕಿಯ ಬೆಳಕಿಗೆ ಎದುರಾಗಿ ಕೂತು, ಮುಂದೆ ಒಂದು ಕನ್ನಡಿ ಇಟ್ಟುಕೊಂಡು, ನೀಲಾಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವರು. ಕೂಸಿನ ಮುಖಕ್ಕೆ ತಮ್ಮ ಉಸಿರು ತಾಗುತ್ತದೆಂದು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಏಲಕ್ಕಿ ಜಗಿದು ಬರುವರು. ಗಾಳಿಪಟದ ತೆಳು ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು "ಪ" ಎಂದರೆ ಕಾಗದ ಹಾರಬೇಕು. "ಮ" ಎಂದರೆ ಹಾರಬಾರದು, ಮೂಗಿನ ಮೇಲಿಟ್ಟ ಬೆರಳು ನಡುಗಬೇಕು. ಅವಳ ಪುಟ್ಟ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಕೊಂಡು ಸದ್ದು ಹೊರಡಿಸುವರು, ಆಮೇಲೆ ಅದೇ ಅಂಗೈಯನ್ನು ಅವಳ ಗಂಟಲಿಗೆ ಒತ್ತಿ ಅಂಥದೇ ನಡುಕ ಬರುವ ತನಕ ಕಾಯುವರು. "ಕ" ಅನ್ನಿಸಲು ಚಮಚದ ಹಿಡಿಯಿಂದ ನಾಲಗೆಯ ತುದಿಯನ್ನು ಕೆಳಗೆ ಒತ್ತುವರು. ಮುಂಬಯಿಯಲ್ಲಿ ಕಲಿತದ್ದೆಲ್ಲ ಇಂಗ್ಲಿಷಿನ ಅಕ್ಷರಗಳಿಗೆ. ಕನ್ನಡದ "ಳ"ವನ್ನು ಕಾಣದ ನಾಲಗೆಯಿಂದ ಹೇಗೆ ತೋರಿಸುವುದೆಂದು ಅವರು ತಾವೇ ಕನ್ನಡಿಯ ಮುಂದೆ ಬಾಯಿ ತೆರೆದು ದಿನಗಟ್ಟಲೆ ಕೂತದ್ದುಂಟು. ಬಿಡಿಸಿ ಬಿಡಿಸಿ ಮಾತಾಡುವುದು ಅವರಿಗೆ ಎಷ್ಟು ರೂಢಿಯಾಯಿತೆಂದರೆ ಮೊಸರು ಮಾರುವವಳ ಹತ್ತಿರವೂ "ಮೊ-ಸ-ರು ಹು-ಳಿ ಅ-ದ" ಎನ್ನುವರು. ನನಗೇನು ಕಿವುಡೇ ಎಂದು ಅವಳು ಜಗಳಕ್ಕೆ ಬಂದಿದ್ದಳು.

ನೀಲಾ "ಅಪ್ಪ" ಎಂದ ದಿನ ಅಪ್ಪ ತಕ್ಕಡಿಯಲ್ಲಿ ತೊಗರಿ ಬಿಟ್ಟು ಓಡಿಬಂದ. ಅವ್ವ ತನ್ನ ಸರದಿಗೆ ಇನ್ನೂ ನಾಲ್ಕು ತಿಂಗಳು ಕಾಯಬೇಕಾಯಿತು. ಕೊನೆಗೊಂದು ದಿನ "ಅವ್ವ" ಎಂಬುದೂ ಬಂತು. ದನಿ ಗೊಗ್ಗರು, ಎತ್ತರ ತಗ್ಗಿಲ್ಲದ್ದು. ಆದರೂ ಅದು "ಅವ್ವ" ಎಂಬ ಮಾತೇ ಆಗಿತ್ತು. ಅವ್ವ ಮಾಸ್ತರರ ಕಾಲಿಗೆ ಬೀಳಲು ಹೋದಳು, ಅವರು ಹಿಂದೆ ಸರಿದು ತಾವೇ ಕೈ ಮುಗಿದರು.

ಆಮೇಲೆ ಕೆಲವು ದಿನಕ್ಕೆ ನೀಲಾ ಹಿತ್ತಲ ಮೆಟ್ಟಿಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡಳು. ಅಳುತ್ತ ಅಳುತ್ತ ಅವಳ ಕೈ ಮೂಗಿನ ಪಕ್ಕಕ್ಕೆ ಹೋಯಿತು. ಅವ್ವ ಬೇಕು ಎಂದು. ಅಷ್ಟರಲ್ಲಿ ಬಾಗಿಲಲ್ಲಿ ಮಾಸ್ತರರು ಕಂಡರು. ಅವಳು ಸರಕ್ಕನೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಅವ್ವ" ಎಂಬ ಮಾತು ಬಾಯಿಗೆ ಬರಲಿಲ್ಲ. ರಕ್ತ ಸುರಿಯುವ ಕಾಲಿನಲ್ಲಿ, ಎರಡೂ ಕೈ ಬೆನ್ನ ಹಿಂದಿಟ್ಟು, ಯಾರನ್ನೂ ಕರೆಯಲಾಗದೆ ನಿಂತಿದ್ದಳು. ಅಂದು ನನಗೆ ಮೊದಲ ಸಲ ಹೆದರಿಕೆಯಾಯಿತು. ಕನ್ನಡಿಯ ಮುಂದೆ ಹೇಳುವ "ಅವ್ವ"ನೂ ಅವಳ ಅವ್ವನೂ ಇನ್ನೂ ಒಂದಾಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಾಸ್ತರರು ನೀಲಾಳನ್ನು ಮುಂಬಯಿಗೆ ಕರೆದೊಯ್ದು ತಮ್ಮ ಗುರುಗಳಿಗೆ ತೋರಿಸಬೇಕೆಂದರು. ಅವ್ವನೂ ನಾನೂ ಜೊತೆಗೆ ಹೋದೆವು. ಒಂದು ದೊಡ್ಡ ಕೋಣೆ, ಮೇಜಿನ ಹಿಂದೆ ನಾಲ್ಕೈದು ಜನ ದೊಡ್ಡವರು. ಮಾಸ್ತರರ ಹಾಗೆಯೇ ಒಬ್ಬೊಬ್ಬರು ಒಂದೊಂದು ಮಗುವಿನ ಕೈ ಹಿಡಿದು ಬಂದು ನಿಲ್ಲುತ್ತಿದ್ದರು. ನೀಲಾ ಮಾಸ್ತರರ ತುಟಿಯನ್ನೇ ನೋಡುತ್ತ "ನನ್ನ ಹೆಸರು ನೀಲಾ, ನಮ್ಮೂರು ಆಳಂದ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ ಸೆರಗಿನಿಂದ ಕಣ್ಣೊರಸಿಕೊಂಡಳು.

ಹೊರಗೆ ಜಗುಲಿಯಲ್ಲಿ, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಅಲ್ಲಿಯ ಹಿರಿಯ ಶಿಕ್ಷಕಿಯೊಬ್ಬರು ಅವ್ವನ ಪಕ್ಕದಲ್ಲಿ ಬಂದು ಕೂತರು. ಅವ್ವನ ತವರು ಮಾದನಹಿಪ್ಪರಗಾ, ಮರಾಠಿ ಸೀಮೆಯ ಅಂಚು. ಹಾಗಾಗಿ ಅವಳಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಆ ಬಾಯಿಯವರು ನೀಲಾಳ ತಲೆ ಸವರಿ, ಪರೀಕ್ಷೆಗೆ ಬಂದ ಮಕ್ಕಳಲ್ಲೆಲ್ಲ ಇವಳೇ ಜಾಣೆ ಎಂದರು. ಯಾವ ಪರೀಕ್ಷೆ, ಎಂಥ ಇಮ್ತಿಹಾನ ಎಂದು ಅವ್ವ ಕೇಳಿದಳು. ಅವರು ಆಶ್ಚರ್ಯಪಟ್ಟು ವಿವರಿಸಿದರು. ಈ ತರಬೇತಿ ಎರಡು ವರ್ಷದ್ದು. ಮೊದಲ ವರ್ಷ ಓದು. ಎರಡನೆಯ ವರ್ಷ ಒಂದು ಮಗುವಿಗೆ ಕಲಿಸಿ, ಪರೀಕ್ಷಕರ ಮುಂದೆ ತಂದು ಮಾತಾಡಿಸಿ ತೋರಿಸಿದರೇ ಪದವಿ. ಉಳಿದ ಮಕ್ಕಳೆಲ್ಲ ಈ ಶಾಲೆಯಲ್ಲೇ ಇರುವವರು, ಇವರು ಹೋದರೆ ಮುಂದಿನವರು ಕಲಿಸುತ್ತಾರೆ. ಅಷ್ಟು ದೂರದಿಂದ ಬಂದ ನಿಮ್ಮ ಮಗುವಿಗೆ ಮುಂದೆ ಯಾರು ಕಲಿಸುತ್ತಾರೆ ಎಂದು ಕೇಳಿದರು. ಮಾಸ್ತರರೇ ಕಲಿಸುತ್ತಾರೆ, ಬಿಡುವುದಿಲ್ಲ ಎಂದಿದ್ದಾರೆ ಎಂದಳು ಅವ್ವ. ಬಾಯಿಯವರು ನೀಲಾಳ ತಲೆಯನ್ನು ಇನ್ನೊಮ್ಮೆ ಸವರಿ ಎದ್ದು ಹೋದರು. ಜಗುಲಿಯ ಆಚೆ ತುದಿಯಲ್ಲಿ ಶೇರವಾನಿ ತೊಟ್ಟ ಹೈದರಾಬಾದಿನ ಅಧಿಕಾರಿಯೊಬ್ಬರು ಮಾಸ್ತರರ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು.

ಮರಳುವಾಗ ರೈಲು ಸೊಲ್ಲಾಪುರ ದಾಟಿದ ಮೇಲೆ ಅವ್ವ ಕೇಳಿದಳು.

"ಮಾಸ್ತರ್ರ, ನಮ್ಮ ಕೂಸು ನಿಮ್ಮ ಇಮ್ತಿಹಾನಕ್ಕ ಬೇಕಾಗಿತ್ತೇನ್ರಿ?"

ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನೀಲಾ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

"ಬೇಕಾಗಿತ್ತರಿ ಅವ್ವಾರ. ಅದನ್ನ ನಿಮಗ ಮೊದಲ ಹೇಳಬೇಕಿತ್ತು. ಆದ್ರ ಇಮ್ತಿಹಾನ ಮುಗೀತಂತ ನಾ ಹೋಗಾಂವಲ್ಲ. ಭರೋಸಾ ಇಡ್ರಿ."

ಅವ್ವ ಭರೋಸಾ ಇಟ್ಟಳು. ಇಡದೆ ಏನು ಮಾಡಿಯಾಳು? ಆ ಹೊತ್ತಿಗೆ ಮನೆಯ ಕೈಮಾತೆಲ್ಲ ಹೋಗಿತ್ತು, ಬಾಯಿಮಾತಿಗೆ ಅವರೊಬ್ಬರೇ ದಿಕ್ಕು.

ದೀಪಾವಳಿ ಮುಗಿದ ವಾರ ಮಾಸ್ತರರು ಅಂಗಡಿಗೆ ಹೋಗಿ ಅಪ್ಪನಿಗೆ ಸುದ್ದಿ ತಿಳಿಸಿದರು. ಹೈದರಾಬಾದಿನ ಆ ಅಧಿಕಾರಿಯ ಮಗನೂ ಕಿವುಡನಂತೆ. ಅವನಿಗೆ ಕಲಿಸಬೇಕು, ಮುಂದೆ ಅಲ್ಲಿ ಇಂಥ ಮಕ್ಕಳಿಗೇ ಒಂದು ಶಾಲೆ ತೆಗೆಯುವ ಮಾತಿದೆ, ಶಾಲೆ ಆದ ಕೂಡಲೇ ನೀಲಾಳನ್ನು ಕರೆಸಿಕೊಳ್ಳುತ್ತೇನೆ, ಅಲ್ಲಿಯ ತನಕ ಶಾಂತಾ ಪಾಠ ನಡೆಸಲಿ ಎಂದರು. ಶಾಂತಾ ಎಂದರೆ ನಾನು, ಲಂಗ ಉಡುವ ಹುಡುಗಿ. ಅಪ್ಪ ಅವರ ಮುಖ ನೋಡಿ, ಆಯಿತು ಎಂದು ತಕ್ಕಡಿಗೆ ಕೈ ಹಾಕಿದನಂತೆ. ಅವನ ಸಿಟ್ಟು ಯಾವಾಗಲೂ ಹಾಗೆ, ಮಾತು ನಿಲ್ಲಿಸಿಬಿಡುವುದು. ಅವ್ವ ಮಾತ್ರ ಮಾಸ್ತರರ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಭಾಗ್ಯವಂತಿ ಮುಂದ ನಿಂತು ಏನಂದಿದ್ರಿ, ನೆಪ್ಪದೇನ್ರಿ?"

"ಅಲ್ಲಿ ಇಂಥಾ ಮಕ್ಕಳು ಬಾಳ ಅದಾವರಿ ಅವ್ವಾರ. ಇಲ್ಲಿ ಒಬ್ಬಾಕಿ."

"ನನಗ ಇಂಥಾಕಿ ಒಬ್ಬಾಕಿನ ಅದಾಳರಿ" ಎಂದಳು ಅವ್ವ.

ಮಾಸ್ತರರು ಟ್ರಂಕಿಗೆ ಬೀಗ ಹಾಕಿದರು. ಅವ್ವನೇ ಪಕ್ಕಕ್ಕೆ ಸರಿದಳು. ಅವರು ನೀಲಾ ಮಧ್ಯಾಹ್ನ ಮಲಗಿದ್ದಾಗ ಟ್ರಂಕು ಎತ್ತಿಸಿಕೊಂಡು ಬಸ್ಸಿಗೆ ಹೋದರು. ಎಚ್ಚರವಿದ್ದರೆ ಅವಳು ಹಿಂದೆ ಓಡಿಬರುತ್ತಾಳೆ ಎಂದು ಹಾಗೆ ಮಾಡಿದರೇನೋ. ಆದರೆ ಅವಳಿಗೆ ಮಾಸ್ತರರು ಎಲ್ಲಿ ಹೋದರು ಎಂದು ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಹೈದರಾಬಾದ ಎಂಬ ಮಾತು ಅವಳ ಬಾಯಿಗೆ ಬಂದಿರಲಿಲ್ಲ, ನಮ್ಮ ಕೈಗೂ ಬಂದಿರಲಿಲ್ಲ. ಅವಳು ಏಳೆಂಟು ದಿನ ಬೆಳಗಾದರೆ ಬಾಯಿ ತೊಳೆದು, ತಾನೇ ಕನ್ನಡಿ ಎತ್ತಿಕೊಂಡು ಹೋಗಿ ಆ ಖಾಲಿ ಕೋಣೆಯ ಕಿಟಕಿಯ ಕೆಳಗೆ ಕೂಡುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತರೆ ನನ್ನ ತುಟಿಯನ್ನು ಸ್ವಲ್ಪ ನೋಡಿ, ಬಾಗಿಲ ಕಡೆ ತಿರುಗುವಳು. ಚಮಚದ ಹಿಡಿ ಹಿಡಿದರೆ ನನ್ನ ಕೈಯಲ್ಲಿ ಅವಳಿಗೆ ವಾಕರಿಕೆ ಬರುತ್ತಿತ್ತು. ಕಲಿತ ಮಾತುಗಳು ಒಂದೊಂದಾಗಿ ಸವೆದವು. ಮೊದಲು "ಕ" ಹೋಯಿತು, ಅದರ ಹಿಂದೆ "ಳ". ವರ್ಷದೊಳಗೆ ಅವಳ ಮಾತನ್ನು ಮನೆಯವರ ಹೊರತು ಯಾರೂ ತಿಳಿಯದಂತಾಯಿತು. ಬೀದಿಯ ಹುಡುಗರು ಅಣಕಿಸತೊಡಗಿದ ಮೇಲೆ ಅವಳು ಬಾಯಿ ಮುಚ್ಚಿದಳು.

ಒಂದು ದಿನ ಊಟದ ಹೊತ್ತಿನಲ್ಲಿ ಅವ್ವ ತಾಳಲಾರದೆ ಅಂಗೈಗೆ ಅಂಗೈ ಬಡಿದು ರೊಟ್ಟಿ ಬೇಕೇ ಎಂದು ಕೇಳಿದಳು. ಎರಡು ವರ್ಷದ ಮೇಲೆ ಮೊದಲ ಸಲ. ನೀಲಾ ಗಾಬರಿಯಾಗಿ ಸುತ್ತ ನೋಡಿದಳು. ಆಮೇಲೆ ಅವ್ವನ ಎರಡೂ ಕೈಗಳನ್ನು ಹಿಡಿದು ಗಟ್ಟಿಯಾಗಿ ಮಡಿಲಿಗೆ ಒತ್ತಿದಳು, ಮಾಸ್ತರರು ತನ್ನ ಕೈಗಳನ್ನು ಒತ್ತುತ್ತಿದ್ದ ಹಾಗೆ. ಅವ್ವ ಅತ್ತದ್ದನ್ನು ನಾನು ಹಿಂದೆಯೂ ನೋಡಿದ್ದೆ. ಅಂದಿನಂತೆ ಎಂದೂ ನೋಡಿರಲಿಲ್ಲ.

ನೀಲಾಳನ್ನು ಕೈಮಾತಿಗೆ ಮರಳಿ ತಂದವಳು ಆಯಿ. ದಿನಾ ಮಧ್ಯಾಹ್ನ ಹಿತ್ತಲಲ್ಲಿ ಕೂತು, ನೀಲಾ ನೋಡಲಿ ಬಿಡಲಿ, ಊರ ಸುದ್ದಿಯನ್ನೆಲ್ಲ ಕೈಯಲ್ಲಿ ಹೇಳುವಳು. ನೀಲಾ ಕೈ ಒತ್ತಿ ಹಿಡಿದರೆ ಬಿಡಿಸಿಕೊಂಡು ಮತ್ತೆ ಶುರು ಮಾಡುವಳು. ನೀಲಾಳ ಬೆರಳು ಮತ್ತೆ ಆಡಲು ವರ್ಷಗಳೇ ಹಿಡಿದವು. ಈಗ ನನಗೆ ತಿಳಿಯುತ್ತದೆ, ಯಾವ ವಯಸ್ಸಿನಲ್ಲಿ ಮಗು ದಿನಕ್ಕೊಂದು ಹೊಸ ವಸ್ತುವಿನ ಹೆಸರು ಕೇಳುತ್ತದೋ, ಯಾಕೆ ಏನು ಎಂದು ತಲೆ ತಿನ್ನುತ್ತದೋ, ಆ ವಯಸ್ಸು ಅವಳಿಗೆ ಬರಿದಾಗಿ ಕಳೆಯಿತು. ಬೇರೆ ಯಾರೂ ಮಾಡಿದ್ದಲ್ಲ ಅದು. ಮಾಸ್ತರರು ಕೆಟ್ಟವರಾಗಿದ್ದರೆ ನಾನು ಅವರನ್ನು ಎಂದೋ ಮರೆತುಬಿಡುತ್ತಿದ್ದೆ. ನಮ್ಮನ್ನು ಅಷ್ಟು ಪ್ರೀತಿಸಿದವರು ಹಾಗೆ ಮಾಡಿದರು ಎಂಬುದೇ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಮೊದಮೊದಲು ಹೈದರಾಬಾದಿನಿಂದ ಒಂದೆರಡು ಕಾರ್ಡು ಬಂದವು. ಶಾಲೆಯ ಮಾತು ಅವುಗಳಲ್ಲಿ ಇರಲಿಲ್ಲ. ಆಮೇಲೆ ಅವೂ ನಿಂತವು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಅಫಜಲಪುರದಲ್ಲಿ. ನನ್ನನ್ನು ಅಲ್ಲಿಯ ಶಾಲಾ ಮಾಸ್ತರರೊಬ್ಬರಿಗೆ ಕೊಟ್ಟಿದ್ದರು. ನನ್ನ ಕೂಸನ್ನು ಆಡಿಸಲೆಂದು ನೀಲಾ ಬಂದು ನಮ್ಮಲ್ಲಿದ್ದಳು. ಅವಳಿಗೆ ಆಗ ಹದಿನಾರೋ ಹದಿನೇಳೋ. ಶಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರರನ್ನು ನನ್ನ ಯಜಮಾನರು ಚಹಾಕ್ಕೆ ಮನೆಗೆ ಕರೆತಂದರು. ನೋಡಿದರೆ ಗುರುನಾಥ ಮಾಸ್ತರರು. ಮೈ ತುಂಬಿತ್ತು, ಕೂದಲು ನರೆತಿತ್ತು. ನನ್ನನ್ನು ಗುರುತಿಸಿ ಬಹಳ ಸಂತೋಷಪಟ್ಟರು. ಅಪ್ಪ, ಅವ್ವ, ಆಯಿ ಎಲ್ಲರನ್ನೂ ಕೇಳಿದರು. ಆಯಿ ತೀರಿಕೊಂಡದ್ದನ್ನು ಹೇಳಿದೆ. ಆ ಅಧಿಕಾರಿಯ ಮಗನ ಮಾತು ತಾವಾಗಿಯೇ ತೆಗೆದರು. ಅವನು ಈಗ ಪತ್ರಿಕೆ ಓದುತ್ತಾನಂತೆ, ತಂದೆಯ ಜೊತೆ ಊಟಕ್ಕೆ ಕೂತು ಉರ್ದುವಿನಲ್ಲಿ ವಾದಿಸುತ್ತಾನಂತೆ. ಹೇಳುವಾಗ ಅವರ ಮುಖ ಬೆಳಗಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಶಾಂತಾ, ನಾ ಮೋಸ ಮಾಡೀನಿ ಅಂತ ತಿಳಕೊಂಡಿ ಏನವಾ?"

"ಆ ಹುಡುಗಗ ಕೊಟ್ಟ ವರ್ಷ ನಮ್ಮ ನೀಲಾನವು ಇದ್ವರಿ, ಸರ" ಎಂದೆ ನಾನು. ಯಜಮಾನರು ನನ್ನತ್ತ ಕಣ್ಣು ಬಿಟ್ಟರು. ನಾನು ಲಕ್ಷ್ಯ ಕೊಡಲಿಲ್ಲ.

ಅಷ್ಟರಲ್ಲಿ ನೀಲಾ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಕಂಡ ಕೂಡಲೇ ಗುರುತು ಹಿಡಿದಳು. ಮಾಸ್ತರರು ಎದ್ದು ನಿಂತರು. ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕಿಟಕಿಯ ಕಡೆಗೆ ಸರಿದು, ತುಟಿಗಳನ್ನು ಬಿಡಿಸಿ ಬಿಡಿಸಿ ಹೇಳಿದರು.

"ನೀ-ಲಾ. ನಾ ಯಾ-ರು? ಹೇ-ಳು."

ಅವಳಿಗೆ ತಿಳಿಯಿತು. ತುಟಿ ನೋಡಿ ತಿಳಿಯುವುದನ್ನು ಅವಳು ಮರೆತಿರಲಿಲ್ಲ, ನನ್ನ ಯಜಮಾನರು ಮಾತಾಡುವುದನ್ನೂ ಅರ್ಧಮರ್ಧ ಹಾಗೆಯೇ ತಿಳಿದುಕೊಳ್ಳುತ್ತಿದ್ದಳು. ತಟ್ಟೆಯನ್ನು ಸ್ಟೂಲಿನ ಮೇಲೆ ಇಟ್ಟಳು. ಸೆರಗು ಸರಿಮಾಡಿಕೊಂಡು ಅವರ ಎದುರಿಗೇ ನೆಟ್ಟಗೆ ನಿಂತಳು. ನಿಂತು, ಎರಡೂ ಕಣ್ಣು ಮುಚ್ಚಿದಳು.

ಮಾಸ್ತರರಿಗೆ ಮೊದಲು ಗೊತ್ತಾಗಲಿಲ್ಲ. ಮಗಳೇ ಎಂದರು, ತಪ್ಪಾಯಿತು ಎಂದರು, ಮತ್ತೂ ಏನೋ ಹೇಳುತ್ತಿದ್ದರು. ಅವೆಲ್ಲ ನಮಗೆ ಮಾತ್ರ ಕೇಳಿಸಿದವು. ಅವಳು ನೋಡುತ್ತಿಲ್ಲ ಎಂದು ಹೊಳೆದ ಮೇಲೆ ಅವರ ಬಾಯಿ ಅರ್ಧಕ್ಕೆ ನಿಂತಿತು. ಚಹಾ ಕುಡಿಯದೆ ಟೋಪಿ ಎತ್ತಿಕೊಂಡು ಹೊರಟರು, ಯಜಮಾನರು ಹಿಂದೆ ಓಡಿದರು. ಅವರು ಬೀದಿಯ ತಿರುವು ದಾಟಿದ ಮೇಲೆ ನಾನು ನೀಲಾಳ ತೋಳು ಮುಟ್ಟಿದೆ. ಆಗ ಅವಳು ಕಣ್ಣು ತೆರೆದಳು.